ಉಬ್ಬಿದ ಬ್ಯಾಟರಿಯ ಮುಂದೆ

ಕೊಳೆತ ಮೊಟ್ಟೆಯ ವಾಸನೆ — ಬಾನೆಟ್ ಇನ್ನೂ ಪೂರ್ತಿ ಎತ್ತಿಲ್ಲ, ಆಗಲೇ ಮೂಗಿಗೆ ಬಡಿಯುತ್ತಿದೆ, ಪಕ್ಕದಲ್ಲೇ ಲಾರಿಗಳು ಧೂಳೆಬ್ಬಿಸಿ ಓಡುತ್ತಿವೆ, ಈ ಕಾರಿನವನು ನಿಂತಲ್ಲಿ ನಿಲ್ಲುತ್ತಿಲ್ಲ, ಬೇಗ ಮೇಡಂ, ಅಮ್ಮ ಆಸ್ಪತ್ರೇಲಿದಾರೆ, ಬಂದು ನೋಡ್ಕೊಂಡು ಹೋಗಿ ಅಂತ ಡಾಕ್ಟ್ರು ಹೇಳಿದಾರೆ, ಹಾಗೆ ಹೇಳಿದರೆ ಏನರ್ಥವೆಂದು ನನಗೂ ಗೊತ್ತಪ್ಪಾ, ಆದರೆ ನಿನ್ನ ಬ್ಯಾಟರಿಯ ಎರಡೂ ಪಕ್ಕ ಉಬ್ಬಿವೆ, ಮೂಲೆಯಲ್ಲಿ ಕೂದಲೆಳೆಯಷ್ಟು ಬಿರುಕು, ಇದಕ್ಕೆ ನನ್ನ ವ್ಯಾನಿನ ಬ್ಯಾಟರಿಯಿಂದ ಕೇಬಲ್ ಹಾಕುವಂತಿಲ್ಲ, ಹಾಕುವಂತಿಲ್ಲ ಅಷ್ಟೇ. ಒಂದೇ ಒಂದ್ಸಲ ಸ್ಟಾರ್ಟ್ ಮಾಡ್ಕೊಡಿ, ಆಮೇಲೆ ಏನಾದ್ರೂ ಆಗ್ಲಿ — ಆಮೇಲಲ್ಲ ಸರ್, ಸ್ಟಾರ್ಟ್ ಮಾಡೋವಾಗ್ಲೇ ಆಗೋದು, ಒಳಗೆ ಗ್ಯಾಸ್ ತುಂಬಿದೆ, ಒಂದು ಕಿಡಿ ಸಾಕು, ದೂರ ನಿಂತ್ಕೊಳ್ಳಿ. ಕಲ್ಲು ಮನಸ್ಸಿನ ಹೆಂಗಸು ಎಂದು ಗೊಣಗುತ್ತಾನೆ, ಗೊಣಗಲಿ, ಈ ಕೆಲಸ ಕಲಿಸಿದ ನನ್ನ ಅಣ್ಣನ ಮನಸ್ಸು ಬೆಣ್ಣೆ, ಅವನೇ ಹೇಳಿಕೊಟ್ಟದ್ದು, ಕೆಂಪು ಕ್ಲಿಪ್ ಮೊದಲು, ಕಪ್ಪು ಕೊನೆಗೆ, ಅದೂ ಸತ್ತ ಬ್ಯಾಟರಿಗಲ್ಲ ಕಣೇ, ದೂರದಲ್ಲಿ ಎಂಜಿನ್ನಿನ ಬರೀ ಕಬ್ಬಿಣಕ್ಕೆ, ಬ್ಯಾಟರಿಗೂ ಅತ್ತೆಗೂ ಯಾವತ್ತೂ ಮುಖ ಕೊಟ್ಟು ನಿಲ್ಬೇಡ — ಹಾಗೆಂದು ನಗುತ್ತಿದ್ದವನೇ ಇಂಥದ್ದೇ ಉಬ್ಬಿದ ಬ್ಯಾಟರಿಯ ಮೇಲೆ ಬಗ್ಗಿದ, ಹಿಂದಿನ ಸೀಟಿನಲ್ಲಿ ಜ್ವರಕ್ಕೆ ಕಣ್ಣು ಮೇಲಾಗಿದ್ದ ಮಗು, ಅದರ ತಾಯಿ ಅಣ್ಣನ ಕೈ ಹಿಡಿದು ಅಳುತ್ತಿದ್ದಳು, ಗೊತ್ತಿದ್ದೂ ಬಗ್ಗಿದ, ಢಬ್ ಎಂದಿತು, ಆಸಿಡ್ ಎರಡೂ ಕಣ್ಣಿಗೆ, ಈಗ ಊಟಕ್ಕೆ ಕೂತರೆ ತಟ್ಟೆಯ ಅಂಚು ಸವರಿ ಪಲ್ಯ ಯಾವ ಕಡೆ ಎಂದು ಕೇಳುತ್ತಾನೆ, ಮಗು ಉಳೀತಲ್ಲ ಬಿಡೇ ಅನ್ನುತ್ತಾನೆ, ಅದನ್ನು ಆಸ್ಪತ್ರೆಗೆ ಒಯ್ದವನು ಆ ದಾರಿಯಲ್ಲಿ ಬಂದ ಯಾವನೋ ಟ್ಯಾಕ್ಸಿಯವನು, ಅಣ್ಣನ ಕಣ್ಣಿಗೂ ಮಗು ಉಳಿದದ್ದಕ್ಕೂ ಸಂಬಂಧವೇ ಇರಲಿಲ್ಲ, ಈ ಮಾತನ್ನು ನಾನು ಅವನಿಗೆ ಹೇಳಿಲ್ಲ, ಹೇಳಲಾರೆ.

ಉಬ್ಬಿದ್ದನ್ನು ಹುಷಾರಾಗಿ ಬಿಚ್ಚಿ ಇಳಿಸಿದ್ದಾಯಿತು, ನನ್ನ ವ್ಯಾನಿನಲ್ಲಿದ್ದ ಹೊಸ ಬ್ಯಾಟರಿಯ ಅಳತೆಯೇ ಬೇರೆ, ಈ ಕಾರಿನ ಬ್ಯಾಟರಿ ಕೂರಿಸುವ ಜಾಗದಲ್ಲಿ ಕೂರುತ್ತಿಲ್ಲ, ತಿರುಗಿಸಿ ಇಟ್ಟರೂ ಇಲ್ಲ, ಅಂಗಡಿಗೆ ಫೋನು, ಇನ್ನೊಂದು ಅಂಗಡಿಗೆ ಫೋನು, ತಂದುಕೊಡುತ್ತೇವೆ ಕಾಯಿರಿ ಎಂದರು, ಕಾಯುತ್ತೇನೆ, ಸ್ಪ್ಯಾನರ್ ಹಿಡಿದು ಕಾಯುತ್ತೇನೆ, ಅವನು ರಸ್ತೆಯ ಅಂಚಿನ ಕಲ್ಲಿನ ಮೇಲೆ ಕೂತುಬಿಟ್ಟಿದ್ದಾನೆ — ಥೂ ನನ್ನ ಬುದ್ಧಿಗಿಷ್ಟು, ವ್ಯಾನ್ ಇದೆಯಲ್ಲ, ನನ್ನ ವ್ಯಾನ್ ಓಡುತ್ತದಲ್ಲ, ಗಾಡಿ ಕೆಟ್ಟರೆ ಗಾಡಿಯನ್ನೇ ನೋಡುವುದು ನಮ್ಮ ಕಸುಬಿನವರ ಹಣೆಬರಹ, ಅಣ್ಣ ಅಂದು ನೋಡಿದ್ದು ಅದನ್ನೇ, ನಾನು ಇಷ್ಟು ಹೊತ್ತು ನೋಡಿದ್ದೂ ಅದನ್ನೇ, ಏಳಿ ಸರ್, ಏಳಿ, ಕಾರು ಇಲ್ಲೇ ಬಿದ್ದಿರ್ಲಿ, ಹತ್ತಿ. ಹಾರ್ನ್ ಒತ್ತಿಕೊಂಡೇ ಓಡಿಸುತ್ತಿದ್ದೇನೆ, ಸಿಗ್ನಲ್ಲು, ಹಾಳಾದ ಸಿಗ್ನಲ್ಲು, ಅಮ್ಮನ ಹತ್ರ ಯಾರಿದಾರೆ ಸರ್, ಅಕ್ಕ ಇದಾಳೆ, ಅಮ್ಮನ ಫೋನೂ ಅವಳ ಹತ್ರಾನೇ ಇದೆ, ಅಮ್ಮಂಗೆ ನಿನ್ನೆಯಿಂದ ಮಾತಿಲ್ಲ, ಕೈ ಎತ್ತೋಕೂ ಆಗಲ್ಲ, ನನ್ನ ದನಿ ಕೇಳಿದ್ರೆ ಕಣ್ಣು ಬಿಡ್ತಾರೇನೋ, ಬಿಡ್ತಾರೆ ಸರ್, ಬಂದೇಬಿಟ್ವಿ, ಅಗೋ ಆಸ್ಪತ್ರೆ ಗೇಟು — ಅವನ ಅಂಗೈಯಲ್ಲಿ ಫೋನು ನಡುಗುತ್ತದೆ, ಎತ್ತುತ್ತಿಲ್ಲ, ಎತ್ತಿ ಸರ್, ಎತ್ತುತ್ತಿಲ್ಲ, ನಿಂತಿತು, ಮತ್ತೆ ನಡುಗುತ್ತದೆ, ಬ್ರೇಕ್ ಒತ್ತಿ ಓರೆಗಣ್ಣಲ್ಲಿ ನೋಡುತ್ತೇನೆ, ಪರದೆಯ ಮೇಲೆ ಅಮ್ಮ, ನಿಂತಿತು, ಮತ್ತೆ ಅಮ್ಮ, ಕೈ ಎತ್ತಲಾರದವಳ ಫೋನಿನಿಂದ, ಅಮ್ಮ.