ಗಲ್ಲಮೀಸೆಯ ಅಂಟು

ರಾಣೆಬೆನ್ನೂರಿನ ಎಣ್ಣೆಕಾಳಿನ ವ್ಯಾಪಾರಿ ಶಂಕ್ರಪ್ಪನ ಮೀಸೆ ಊರಿಗೇ ಹೆಸರುವಾಸಿ. ಅದನ್ನು ಹಾಗೆ ನೆಟ್ಟಗೆ ನಿಲ್ಲಿಸಿದವಳು ಅವನ ಮಗಳು ನೀಲಗಂಗವ್ವ. ಅಗಸಿ ಕಾಳನ್ನು ನೀರಲ್ಲಿ ಕುದಿಸಿ, ಲೋಳೆ ಬಿಟ್ಟಿತೆಂದರೆ ತೆಳುಬಟ್ಟೆಯಲ್ಲಿ ಸೋಸಿ, ಎರಡು ಹನಿ ಗುಲಾಬಿ ಅತ್ತರು ಹಾಕಿ ಡಬ್ಬಿಗೆ ತುಂಬುವಳು. ಓಣಿಯ ಹೆಂಗಸರು ತಲೆಗೂದಲು ತೀಡಲು ಅದನ್ನೇ ಬೇಡಿ ಒಯ್ಯುತ್ತಿದ್ದರು. ಸಾವಿರದ ಒಂಬೈನೂರ ಮೂವತ್ತೆಂಟನೆಯ ಇಸವಿಯಲ್ಲಿ ಪೇಟೆಗೆ ಬರುತ್ತಿದ್ದ, ಕೂದಲಿಗೆ ಹಚ್ಚುವ ವಿಲಾಯ್ತಿ ಡಬ್ಬಿಗಳು ಅವಳಿಗೆ ಲೆಕ್ಕಕ್ಕೇ ಇರಲಿಲ್ಲ.

ಆ ದಿನ ಬ್ಯಾಡಗಿಯಿಂದ ಅವಳನ್ನು ನೋಡಲು ಗಂಡಿನವರು ಬಂದಿದ್ದರು. ಗಂಡು ಸಿದ್ದಲಿಂಗಪ್ಪ. ಹಿಂದೊಮ್ಮೆ ಅಂಗಡಿಗೆ ಬಂದಾಗ ಬಾಗಿಲ ಸಂದಿಯಿಂದ ನೋಡಿದ್ದಳು. ತುಟಿ ಬಿಚ್ಚದೆ ಕೂತಿದ್ದ ಆ ಹುಡುಗನಿಗೆ ಅಂದೇ ಮನಸೋತಿದ್ದಳು. ಅಡ್ಡಿಯೆಂದರೆ ಅವನ ಸೋದರಮಾವ ಫಕ್ಕೀರಪ್ಪ. ಆ ಮಹಾರಾಯ ಬಾಯಿ ತೆರೆದು ಈಗಾಗಲೇ ಎರಡು ಸಂಬಂಧ ಮುರಿದಿದ್ದ. ಒಂದು ಮನೆಯಲ್ಲಿ ಹುಡುಗಿಯ ಮೂಗು ಮೊಂಡ ಅಂದ, ಇನ್ನೊಂದು ಮನೆಯಲ್ಲಿ ಉಪ್ಪಿಟ್ಟು ತಿನ್ನುತ್ತಲೇ ಉಪ್ಪಿಟ್ಟನ್ನು ಬೈದ.

ರೈಲಿನ ಮಸಿ, ಬೆವರಿಗೆ ಫಕ್ಕೀರಪ್ಪನ ಗಲ್ಲಮೀಸೆ ಜೋತುಬಿದ್ದಿತ್ತು. ಶಂಕ್ರಪ್ಪನ ಮೀಸೆ ನೋಡಿ ಅವನಿಗೆ ಹೊಟ್ಟೆಕಿಚ್ಚಾಯಿತು.

“ಏನ್ ಹಚ್ಚೀರಿ ಇದಕ್ಕ?”

“ನನ್ನ ಮಗಳ ಕೈಗುಣ ರೀ. ನೀಲಾ, ಕಾಕಾರಿಗೂ ಒಂದೀಟು ತಾರವ್ವಾ,” ಎಂದ ಶಂಕ್ರಪ್ಪ.

ಒಳಗೆ ನೀಲಗಂಗವ್ವ ಡಬ್ಬಿ ಎತ್ತಿಕೊಂಡವಳು ಹಾಗೇ ನಿಂತಳು. ಪಕ್ಕದಲ್ಲೇ ಬಾಣಂತಿ ಅಕ್ಕನ ಉಂಡೆಗೆಂದು ಕುಟ್ಟಿಟ್ಟ ಜಾಲಿ ಅಂಟು ಇತ್ತು. ಅಗಸಿ ಲೋಳೆ ಒಣಗಿದರೂ ಕೂದಲು ಬಾಗುತ್ತದೆ, ಜಾಲಿ ಅಂಟು ಒಣಗಿದರೆ ಬಾಗುವ ಮಾತೇ ಇಲ್ಲ. ಬಿಸಿನೀರಲ್ಲಿ ಅಂಟು ಕದಡಿ ಲೋಳೆಗೆ ಧಾರಾಳವಾಗಿ ಬೆರೆಸಿದಳು. ಅತ್ತರನ್ನೂ ಒಂದು ಹನಿ ಹೆಚ್ಚೇ ಹಾಕಿ, ತಾನೇ ಹೊರಗೆ ತಂದು ಕೊಟ್ಟು ಒಳಗೆ ಸರಿದಳು.

ಫಕ್ಕೀರಪ್ಪ ಕಿವಿಯಿಂದ ತುಟಿಯವರೆಗೆ ಬಳಿದುಕೊಂಡು ಗತ್ತಿನಿಂದ ಕೂತ. ಅವಲಕ್ಕಿ ಬರುವಷ್ಟರಲ್ಲಿ ಅದು ಬಿಗಿದಿತ್ತು. ಬಾಯಿ ತೆರೆಯಲು ಹೋದರೆ ಗಲ್ಲದ ಕೂದಲೆಲ್ಲ ಒಟ್ಟಿಗೇ ಜಗ್ಗಿ ಕಣ್ಣಲ್ಲಿ ನೀರು ಬಂತು. ಮರ್ಯಾದೆಗಂಜಿ ಸುಮ್ಮನೆ ತಲೆಯಾಡಿಸಿದ. ಬಾಗಿಲ ಮರೆಯಲ್ಲಿ ನೀಲಗಂಗವ್ವ ಸೆರಗು ಕಚ್ಚಿಕೊಂಡು ನಕ್ಕಳು.

ಮಾತಾಡುವವರು ಯಾರೂ ಇಲ್ಲದೆ ಸಿದ್ದಲಿಂಗಪ್ಪನೇ ಗಂಟಲು ಸರಿಮಾಡಿಕೊಂಡ.

“ಹುಡುಗಿ ಪಸಂದ ಅದಾಳ್ರಿ. ನನಗೊಂದು ಸೈಕಲ್, ಒಂದು ಕೈಗಡಿಯಾರ, ಒಂದು ಗ್ರಾಮೋಫೋನ್ ಬೇಕು. ಮಾಮಾಗ ಇವೆಲ್ಲಾ ನೆನಪಿರೂದಿಲ್ಲ, ಅದಕ್ಕ ನಾನ ಹೇಳಾಕತ್ತೇನಿ. ಮತ್ತ ಈ ಲೋಳಿ ಕುದಿಸೋದು, ಡಬ್ಬಿ ತುಂಬೋದು ನಮ್ಮ ಮನ್ಯಾಗ ನಡಿಯಂಗಿಲ್ಲ. ಹೆಂಗಸರಿಗೆ ಅಷ್ಟು ಬುದ್ಧಿ ಯಾಕ ಬೇಕು?”

ನೀಲಗಂಗವ್ವನ ನಗು ಇಳಿಯಿತು. ಇಂಥವನಿಗೆ ಮನಸೋತೆನಲ್ಲ ಎಂದು ತನ್ನ ಮೇಲೆಯೇ ಸಿಟ್ಟು ಬಂತು. ಅಪ್ಪನನ್ನು ನೋಡಿದರೆ ಅವನು ಗ್ರಾಮೋಫೋನಿಗೂ ಹೂಂಗುಟ್ಟುತ್ತಿದ್ದ. ಇನ್ನು ತಡಮಾಡಿದರೆ ಕೆಟ್ಟಿತೆಂದು ಬಿಸಿನೀರಿನ ತಂಬಿಗೆ ಹಿಡಿದು ಹೊರಗೆ ಬಂದಳು.

“ಕಾಕಾರ, ಮಾರಿ ತೊಳಕೋರಿ. ಅದರಾಗ ಜಾಲಿ ಅಂಟು ಐತಿ. ಬೇಕಂತನ ಹಾಕೀನಿ.”

ಫಕ್ಕೀರಪ್ಪ ಉಜ್ಜಿ ಉಜ್ಜಿ ತೊಳೆದ. ಅರ್ಧ ಮೀಸೆಯ ಅಂಟು ಬಿಡುತ್ತಲೇ ಗುಡುಗಿದ.

“ಇಂಥಾ ಹುಡುಗಿ ನಮಗ ಸುತಾರಾಂ ಬ್ಯಾಡ! ಏಳೋ ಸಿದ್ಯಾ!”

ನೀಲಗಂಗವ್ವ ಓಡಿಹೋಗಿ ಫಕ್ಕೀರಪ್ಪನ ಕಾಲಿಗೆ ಬಿದ್ದು ಪಾದಗಳನ್ನು ಕಣ್ಣಿಗೆ ಒತ್ತಿಕೊಂಡಳು. ಪಾಪ, ತಪ್ಪೊಪ್ಪಿಕೊಳ್ಳುತ್ತಿದ್ದಾಳೆಂದು ಎಲ್ಲರೂ ತಿಳಿದರು.