ಅಪ್ಪ ಎಳೆದ ಗೆರೆ

ನೂರು ವರ್ಷದ ನಂತರ ಮನುಷ್ಯನ ದೇಹ ಹೇಗಿರುತ್ತದೆ? ನಮ್ಮ ಕಲಾ ಶಿಬಿರಕ್ಕೆ ಕೊಟ್ಟ ವಿಷಯ ಇದು. ಮೂರು ತಿಂಗಳು, ಆರು ಜನ ಕಲಾವಿದರು, ತಲೆಗೊಂದು ಕೋಣೆ. ಉಳಿದವರು ತಂತಿ, ಪರದೆ, ಬಣ್ಣದ ದೀಪ ಎಂದು ರಾಶಿ ಹಾಕಿಕೊಂಡು ಕೂತರು. ನಾನು ಮಣ್ಣಿನವಳು. ಹದಿನೈದು ಅಡಿ ಉದ್ದಕ್ಕೆ ಹಸಿ ಜೇಡಿಮಣ್ಣು ಹಾಸಿ ಅಪ್ಪನನ್ನು ಕರೆಸಿದೆ.

ಅಪ್ಪ ಮೂವತ್ನಾಲ್ಕು ವರ್ಷ ಅಂಚೆ ಹಂಚಿದವನು. ಯಾರದೋ ಮನೆಯ ಮೆಟ್ಟಿಲಿನಿಂದ ಬಿದ್ದಂದಿನಿಂದ ಎಡಗಾಲು ಎಳೆದುಕೊಂಡೇ ನಡೆಯುತ್ತಾನೆ. "ಬೇರೆ ಪೋಸ್ಟ್‌ಮ್ಯಾನ್‌ಗಳಿಗೆ ನಾಯಿ ಕಚ್ತು, ನಂಗೆ ಮೆಟ್ಲು ಕಚ್ತು" ಎನ್ನುವುದು ಅವನ ಹಳೆಯ ತಮಾಷೆ. ಚಿಕ್ಕಂದಿನಲ್ಲಿ ಬೀದಿಯ ತಿರುವಿನಲ್ಲಿ ಆ ಸರಕ್ ಸದ್ದು ಕೇಳಿದರೆ ಸಾಕು, ಬಾಗಿಲಿಗೆ ಓಡುತ್ತಿದ್ದೆ.

ಚಪ್ಪಲಿ ಬಿಟ್ಟು, ಪ್ಯಾಂಟು ಮಡಚಿ, ಅಪ್ಪ ಮಣ್ಣಿನ ಮೇಲೆ ನಡೆದ. ಎಡಗಾಲಿನ ಪ್ರತಿ ಹೆಜ್ಜೆಯ ಹಿಂದೆಯೂ ಗೇಣುದ್ದದ ಗೆರೆ ಬಿತ್ತು.

"ಹಾಳು ಮಾಡ್ಬಿಟ್ನೇನೇ ಪುಟ್ಟಿ?"

"ಇಲ್ಲಪ್ಪ, ಚೆನ್ನಾಗಿದೆ."

ಅವನು ಹೋದ ಮೇಲೆ ನನ್ನ ಬುದ್ಧಿಗೆ ಮಂಕು ಕವಿಯಿತು. ಮುಂದಿನ ಕಾಲದ ದೇಹಕ್ಕೆ ಕುಂಟು ಯಾಕೆ ಎಂದುಕೊಂಡು, ಒದ್ದೆ ಬಟ್ಟೆಯಲ್ಲಿ ಒಂದೊಂದೇ ಗೆರೆ ಒರೆಸಿದೆ. ಅಪ್ಪನಿಗೆ ಉಡುಗೊರೆ ಕೊಡುತ್ತಿದ್ದೇನೆಂದೇ ನಂಬಿದ್ದೆ. ನನ್ನಂಥವಳಿಗೆ ಓದು ಬೇರೆ ಕೇಡು!

ಪ್ರದರ್ಶನದ ದಿನ ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದ. 'ನನ್ನ ಅಪ್ಪನ ನಡಿಗೆ' ಎಂಬ ಫಲಕ ಓದಿ, ಈ ತುದಿಯಿಂದ ಆ ತುದಿಯವರೆಗೆ ಬಗ್ಗಿ ನೋಡಿದ.

"ಗೆರೆ ಎಲ್ಲಿ ಹೋಯ್ತಮ್ಮ?"

"ತೆಗ್ದೆ ಅಪ್ಪ. ಮುಂದೆ ಯಾರಿಗೂ ಕುಂಟು ಇರಲ್ಲ ಅಂತ."

"ಓಹೋ" ಎಂದ. ಫಲಕವನ್ನು ಇನ್ನೊಮ್ಮೆ ಓದಿ, "ನಿಂಗೆ ಇಷ್ಟು ನಾಚಿಕೆ ಆಗ್ತಿತ್ತು ಅಂತ ಗೊತ್ತಿರ್ಲಿಲ್ಲ ಪುಟ್ಟಿ" ಎಂದ.

ಹಾಗಲ್ಲ ಎಂದೆ. ಹತ್ತು ಸಲ ಎಂದೆ. ಹತ್ತನೆಯ ಸಲಕ್ಕೆ ನನ್ನ ದನಿ ನನಗೇ ಸುಳ್ಳೆನಿಸಿತು. ಮಿಂಚಿಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಎನ್ನುತ್ತಾರೆ. ಚಿಂತಿಸದೆ ಇರುವುದು ಹೇಗೆಂದು ಮಾತ್ರ ಯಾರೂ ಹೇಳಿಕೊಡುವುದಿಲ್ಲ.

ಈಗ ನಾನು ಮನೆಗೆ ಹೋದಾಗಲೆಲ್ಲ ಅಪ್ಪ ಎಡಗಾಲನ್ನು ಎತ್ತಿ ಎತ್ತಿ ಇಡುತ್ತಾನೆ. ಗೋಡೆ ಹಿಡಿಯುತ್ತಾನೆ, ಬೆವರುತ್ತಾನೆ. "ನಿನ್ನ ಹಾಗೇ ನಡಿಯಪ್ಪ, ಕಾಲಿಗೆ ಬೀಳ್ತೀನಿ" ಎಂದರೂ ಕೇಳುವುದಿಲ್ಲ. ಹೊರಟ ಮೇಲೆ ನಾನು ಬಾಗಿಲು ಎಳೆದುಕೊಂಡು ಹೊರಗೇ ನಿಲ್ಲುತ್ತೇನೆ. ಆಗ ಒಳಗಿನಿಂದ ಸರಕ್, ಸರಕ್ ಎಂದು ಕೇಳಿಸುತ್ತದೆ. ಒಳಗೆ ಓಡಬೇಕೆನಿಸುತ್ತದೆ. ಓಡಿದರೆ ಸದ್ದು ನಿಂತುಬಿಡುತ್ತದೆ.