ಮೂರು ಲೀಟರ್ ಸಾಕಂತೆ

ಬಿಳಿ ಡಬ್ಬಿಗಳೇ ಬಿಳಿ ಡಬ್ಬಿಗಳು, ಗೋಡೆ ತುಂಬ, ಒಂದು ಗುಂಡಗೆ, ಒಂದು ಚೌಕ, ಬೆಲೆಚೀಟಿಗಳು ಫ್ಯಾನಿನ ಗಾಳಿಗೆ ತಿರುಗುತ್ತವೆ — ಭುವನೇಶ್ವರಿ ಕೈಚೀಲ ತೊಡೆಯ ಮೇಲಿಟ್ಟುಕೊಂಡು ಸ್ಟೂಲಿನಲ್ಲಿ ಕೂತಿದ್ದಾಳೆ, ಇಂಡಿ ಊರಿನ ಈ ರಣಬಿಸಿಲಲ್ಲಿ ಗೀಜರು ಕೊಳ್ಳಲು ಬಂದವಳು ತಾನೊಬ್ಬಳೇ ಇರಬೇಕು, ಆದರೆ ಅವ್ವನಿಗೆ ಬೇಸಿಗೆಯಲ್ಲೂ ಬೇಕು, ಮೊಣಕಾಲಿಗೆ ನಾಲ್ಕು ತಂಬಿಗೆ ಬಿಸಿನೀರು ಬೀಳದಿದ್ದರೆ ಹೊನ್ನವ್ವ ಗೋಡೆ ಹಿಡಿದೂ ಏಳುವುದಿಲ್ಲ, ಒಂಬತ್ತು ವರ್ಷದಿಂದ ಹಾಕಿದ್ದು ಈ ಕೈಯೇ, ಗಂಡ ತೀರಿಕೊಂಡು ಅವ್ವನ ಫ್ಲ್ಯಾಟಿಗೆ ಬಂದಾಗಿನಿಂದ, ಮೊನ್ನೆ ಹಳೆಯ ಗೀಜರು ತಳ ಬಿಟ್ಟಿತು, ಬೋರಿನ ಸವಳು ನೀರು ಕುಡಿದು ಕುಡಿದು, ಮುದ್ದೇಬಿಹಾಳಕ್ಕೆ ಫೋನು ಮಾಡಿದರೆ ತಮ್ಮ ಸಿದ್ದಲಿಂಗ ಎಷ್ಟು ಸಲೀಸಾಗಿ ಅಂದ, ನಿನಗ ಬೇಕಾದ್ದು ನೋಡಿ ತಗೋ ಅಕ್ಕ, ಅಂಗಡಿ ಮುರ್ತುಜಾಸಾಬಗ ನಾ ಹೇಳತೇನಿ, ರೊಕ್ಕಾ ನಾ ಕೊಡತೇನಿ, ಇಂಥ ತಮ್ಮ ಯಾರಿಗಿದ್ದಾನೆ ಅಂತ ಎದುರುಮನೆಯ ಶೈಲಶ್ರೀಗೆ ಹೇಳಿ ಮೆರೆದೂ ಬಂದಳಲ್ಲ. ಸೋಲಾರ್ ಹಾಕಿಸಿದರೆ ಹೇಗೆ, ಬಿಸಿಲಿಗೇನು ಇಲ್ಲಿ ಬರವೆ, ಆದರೆ ಟೆರೇಸು ಎಲ್ಲರದು, ನೀರು ಕೆಳಗಿಳಿಯುವ ಹೊತ್ತಿಗೆ ಎರಡು ಬಕೆಟ್ ತಣ್ಣೀರು ಚೆಲ್ಲಬೇಕು, ಆ ಮೂರು ಲೀಟರಿನ ಪುಟಾಣಿ ಭಾಂಡೆ ತೊಳೆಯಲು ಆದೀತು, ಅವ್ವನಿಗೆ ತಲೆ ಎರೆಯಲು ಇಪ್ಪತ್ತೈದರದೇ ಬೇಕು, ಸವಳಿಗೂ ತಡೆಯುತ್ತದಂತೆ, ಹತ್ತು ವರ್ಷ ತಿರುಗಿ ನೋಡುವಂತಿಲ್ಲ, ಆಗ ಅವ್ವನಿಗೆ ತೊಂಬತ್ತು, ತನಗೆ ಅರವತ್ತೆರಡು — ಇದನ್ನ ಕೊಡ್ರಿ ಅಣ್ಣಾರ. ಮುರ್ತುಜಾಸಾಬ ಗಡ್ಡ ಕೆರೆದುಕೊಂಡ, ಅಕ್ಕಾರ, ಸಿದ್ಲಿಂಗಣ್ಣಾರು ಮುಂಜಾನೆ ಫೋನ್ ಮಾಡಿದ್ರು, ಮೂರು ಲೀಟರಿಂದು ಸಾಕು, ಬಾಡಿಗಿಯವರಿಗೆ ಅದ ಹೆಚ್ಚಾತು ಅಂದ್ರು. ಯಾವ ಬಾಡಿಗಿಯವರು. ಒಂದನೇ ತಾರೀಖಿಗೆ ಬರ್ತಾರಂತಲ್ರಿ, ಸಕ್ಕರಿ ಫ್ಯಾಕ್ಟರಿಯವರು ಯಾರೋ, ಅವ್ವಾರನ್ನ ಮುದ್ದೇಬಿಹಾಳಕ್ಕ ಕರಕೊಂಡು ಹೋಗ್ತೇನಿ ಅಂದ್ರು, ನಿಮಗ ಗೊತ್ತಿಲ್ಲೇನ್ರಿ. ಗೊತ್ತೈತಿ, ಗೊತ್ತೈತಿ, ಎಂದುಬಿಟ್ಟಳು, ಪರರ ಮುಂದೆ ತಮ್ಮನ ಮರ್ಯಾದೆ ಕಾಯುವ ಹಾಳು ಚಟ.

ಅವ್ವಾರನ್ನ ಅಂದ, ಅಕ್ಕಾರನ್ನ ಅನ್ನಲಿಲ್ಲ — ನಿನ್ನೆ ಅವ್ವ ಟ್ರಂಕು ತೆಗೆಸಿ ಇಳಕಲ್ ಸೀರೆಗಳನ್ನೆಲ್ಲ ಬಿಸಿಲಿಗೆ ಹಾಕಿಸಿದಳು, ಹುಳಾ ಹತ್ತತಾವ ಅಂದಳು, ಸಂಜೆ ಮಡಚಿ ಒಳಗಿಟ್ಟವಳು ಭುವನೇಶ್ವರಿಯೇ, ಹಾಗಾದರೆ ಅವ್ವನಿಗೂ ಗೊತ್ತು, ಗೊತ್ತಿದ್ದೂ ಇವತ್ತು ಬೆಳಿಗ್ಗೆ ಒಲೆಯಲ್ಲಿ ಕಾಯಿಸಿದ ನೀರಿಗೆ ಬೆನ್ನು ಕೊಟ್ಟು ಕೂತು, ಇನ್ನೀಟು ತಿಕ್ಕವ್ವ, ಅಂದಳು, ತಾಯಿ ಮಗ ಇಬ್ಬರೂ ಕೂಡಿ. ಅಪ್ಪನ ಹೊಲ ಮಾರಿ ಕೊಂಡ ಮನೆ, ಅದರಲ್ಲಿ ಅವಳ ಪಾಲೂ ಇತ್ತು, ಹೋದ ವರ್ಷದ ನಾಗರಪಂಚಮಿಯ ತನಕ ಇತ್ತು, ಪಂಚಮಿಗೆ ತಮ್ಮ ಶೇಂಗಾ ಉಂಡಿ ಡಬ್ಬಿ ಹೊತ್ತು ಬಂದ, ಸೀರೆ ಉಡಿಸಿದ, ಎರಡು ದಿನ ಬಿಟ್ಟು, ಹಕ್ಕು ಬಿಟ್ಟ ಪತ್ರಕ್ಕ ಒಂದು ಸಹಿ ಅಕ್ಕ, ಬರೇ ಕಾಗದಾ, ನೀ ಎಲ್ಲಿ ಹೋಗಾಕಿ, ಇದು ನಿನ್ನ ತವರುಮನಿ ಅಲ್ಲೇನು, ಅಂದ — ಉಡಿಸಿದ ಸೀರೆ ಉಟ್ಟುಕೊಂಡು ತಮ್ಮನ ಹತ್ತಿರ ಪಾಲು ಕೇಳುವ ಅಕ್ಕ ಯಾವಳು, ಕೇಳಿದವಳ ಪಂಚಮಿ ಅಲ್ಲಿಗೇ ಮುಗಿಯುತ್ತದೆ, ತವರು ಉಳಿಯಲಿ ಅಂತಲೇ ಅದೇ ಸೀರೆಯಲ್ಲಿ ನೋಂದಣಿ ಕಚೇರಿಗೆ ಹೋದಳು, ದಡ್ಡಿ, ಓದು ಬಂದವಳು, ಓದದೆ ಸಹಿ ಹಾಕಿದಳು, ಹೆಬ್ಬೆಟ್ಟೂ ಒತ್ತಿದಳು, ತಡಿ ಅಕ್ಕ, ಹೊಸಾ ಸೀರಿಗಿ ಮಸಿ ಹತ್ತೀತು, ಅಂತ ತಮ್ಮ ತನ್ನ ಕರ್ಚೀಫು ತೆಗೆದು ಅವಳ ಕೈ ಹಿಡಿದುಕೊಂಡ, ಆಗ ಕಣ್ಣು ತುಂಬಿ ಬಂದಿತ್ತು ಅವಳಿಗೆ, ನಾಚಿಕೆಗೇಡು, ತುಂಬಿ ಬಂದಿತ್ತು. ಯಾವುದು ಬರೀಲ್ರಿ ಅಕ್ಕಾರ, ಮುರ್ತುಜಾಸಾಬ ಪೆನ್ನು ಹಿಡಿದು ಕಾಯುತ್ತಿದ್ದಾನೆ, ದೊಡ್ಡದು ಬರೀರಿ ಎನ್ನಬೇಕು, ಕಿವಿಯಲ್ಲಿನದು ಬಿಚ್ಚಿಕೊಟ್ಟಾದರೂ ಒಯ್ಯಬೇಕು, ಒಯ್ದು ಯಾರ ಗೋಡೆಗೆ ಹಾಕಿಸುವುದು, ಗೋಡೆ ಅವನದು, ಕರ್ಚೀಫು ಅವನದು, ಬಿಳಿ, ನೀಲಿ ಅಂಚಿನದು, ಅಕ್ಕಾರ — ಅವಳು ತನ್ನ ಹೆಬ್ಬೆರಳು ನೋಡಿಕೊಂಡಳು, ತಮ್ಮ ಇನ್ನೂ ಒರೆಸುತ್ತಿದ್ದಾನೆ, ಮೊದಲು ಹೆಬ್ಬೆರಳ ತುದಿ, ಆಮೇಲೆ ಉಗುರಿನ ಸಂದಿ, ಅವನು ಚಿಕ್ಕವನಿದ್ದಾಗ ಅವಳು ಅವನ ಮೂಗು ಒರೆಸುತ್ತಿದ್ದ ಹಾಗೆಯೇ, ನಿಧಾನಕ್ಕೆ, ಎಲ್ಲೂ ನೋಯದಂತೆ, ಒಂದು ಕಲೆಯೂ ಉಳಿಯದಂತೆ ಒರೆಸುತ್ತಿದ್ದಾನೆ